ಒಂದು ಹನಿ ಮುಟ್ಟದ ಅವ್ವನಿಗೆ ಲಿವರ್ ಕ್ಯಾನ್ಸರ್ ಹೇಗೆ ಬಂತು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಲಿವರ್ ಬಗ್ಗೆಯೇ ಇವೆ. ನಾಲ್ಕೂ ನಮ್ಮ ಕಡೆಯವೇ: ಸಿಂಧನೂರು, ಕಾರಟಗಿ, ಬಳ್ಳಾರಿ, ಯಲಬುರ್ಗಾ. ಮೊದಲ ಪತ್ರವನ್ನು ಓದಿ ಎರಡು ದಿನ ಹಾಗೇ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಅದಕ್ಕೆ ಉತ್ತರ ಉದ್ದವಾಗಿದೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಮಸ್ಕಾರ ಮೇಡಂ. ನಮ್ಮ ಅವ್ವನಿಗೆ 61 ವರ್ಷ. ಹನ್ನೆರಡು ವರ್ಷದಿಂದ ಶುಗರ್ ಇದೆ. ಐದಾರು ವರ್ಷದಿಂದ ಯಾವ ಸ್ಕ್ಯಾನಿಂಗ್ ಮಾಡಿಸಿದರೂ ರಿಪೋರ್ಟ್‌ನಲ್ಲಿ ‘ಫ್ಯಾಟಿ ಲಿವರ್’ ಅಂತ ಬರುತ್ತಿತ್ತು. ಯಾರೂ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ಹೋದ ತಿಂಗಳು ಹೊಟ್ಟೆ ಉಬ್ಬರ ಅಂತ ಸ್ಕ್ಯಾನ್ ಮಾಡಿಸಿದರೆ ಲಿವರ್‌ನಲ್ಲಿ 2.8 ಸೆಂಟಿಮೀಟರ್ ಗಂಟು ಕಂಡಿತು. ಸಿ.ಟಿ. ಮಾಡಿ ಕ್ಯಾನ್ಸರ್ ಎಂದರು. ಸಿರೋಸಿಸ್ ಕೂಡ ಆಗಿದೆ ಎಂದರು. ಅವ್ವ ಜೀವನದಲ್ಲಿ ಒಂದು ಹನಿ ಹೆಂಡ ಮುಟ್ಟಿದವಳಲ್ಲ. ಊರಲ್ಲಿ ಜನ ಏನೇನೋ ಆಡಿಕೊಳ್ಳುತ್ತಿದ್ದಾರೆ. ಸೂಜಿ ಚುಚ್ಚಿ ಪರೀಕ್ಷೆ ಮಾಡದೆ ಕ್ಯಾನ್ಸರ್ ಅಂತ ಹೇಗೆ ಹೇಳಿದರು? ಇದು ಎಷ್ಟು ಬೇಗ ಬೆಳೆಯುತ್ತದೆ? ‘ಕೈ ಹಚ್ಚಿದ್ರ ಹಬ್ಬತೈತಿ, ಸುಮ್ನೆ ಬಿಡ್ರಿ’ ಅಂತ ದೊಡ್ಡಪ್ಪ ಹೇಳುತ್ತಿದ್ದಾರೆ. ಅವ್ವನಿಗೆ ಇನ್ನೂ ವಿಷಯ ಹೇಳಿಲ್ಲ.
— ಹೆಸರು ಬೇಡ, ಸಿಂಧನೂರು ತಾಲೂಕು

ಉತ್ತರ: ತಂಗಿ, ಮೊದಲು ಅವಸರದ ಮಾತು. 2.8 ಸೆಂಟಿಮೀಟರ್‌ನ ಒಂದೇ ಗಂಟು ಎಂದರೆ ಇನ್ನೂ ಬೇಗನೆ ಸಿಕ್ಕಿದೆ ಎಂದು ಅರ್ಥ. ಸುಮ್ನೆ ಬಿಡುವ ಗಂಟು ಅಲ್ಲವೇ ಅಲ್ಲ. ಲಿವರ್ ಕ್ಯಾನ್ಸರ್‌ನಲ್ಲಿ ಮೂರು ಸೆಂಟಿಮೀಟರ್ ಒಂದು ಗಡಿ ಇದ್ದ ಹಾಗೆ. ಅದರೊಳಗಿದ್ದರೆ ಬೇರುಸಹಿತ ತೆಗೆಯುವ ದಾರಿಗಳು ಜಾಸ್ತಿ. ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಲಿವರ್ ತಜ್ಞರ ಹತ್ತಿರ ತೋರಿಸಿಯಾಗಿರಲಿ. ಇನ್ನೂ ಹೋಗಿಲ್ಲ ಎಂದರೆ ಮುಂದಿನ ವಾರಕ್ಕೆ ತಳ್ಳಬೇಡಿ. ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದ್, ನಿಮಗೆ ಯಾವುದು ಅನುಕೂಲವೋ ಅದು. ಸಿ.ಟಿ.ಯ ಕಾಗದ ಮಾತ್ರ ಸಾಲದು, ಸಿ.ಡಿ.ಯನ್ನೂ ಒಯ್ಯಿರಿ. ಹಳೆಯ ರಿಪೋರ್ಟ್‌ಗಳನ್ನೆಲ್ಲ ಒಯ್ಯಿರಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಕಾರ್ಡ್ ಮತ್ತು ಆಧಾರ್ ಮರೆಯಬೇಡಿ.

ಈಗ ನಿಮ್ಮ ನೋವಿನ ಮಾತಿಗೆ ಬರುತ್ತೇನೆ. ಕುಡಿಯದವಳಿಗೆ ಹೇಗೆ ಬಂತು?

ನನ್ನ ಸೋದರತ್ತೆಗೂ ಹೀಗೇ ಆಯಿತು. ಕುಷ್ಟಗಿಯಲ್ಲಿದ್ದರು. ದಿನಕ್ಕೆ ನೂರು ರೊಟ್ಟಿ ಬಡಿದು ಮಾರಿ ಮೂರು ಮಕ್ಕಳನ್ನು ಓದಿಸಿದವರು. ಶುಗರ್ ಇತ್ತು, ಮೈ ತುಂಬಿಕೊಂಡಿದ್ದರು. ಮನೆಯಲ್ಲಿ ಹೆಂಡದ ವಾಸನೆಯನ್ನೂ ಸೇರಿಸಿದವರಲ್ಲ. ಎಂಟು ವರ್ಷದ ಹಿಂದೆ ಬಲ ಪಕ್ಕೆ ನೋವು ಎಂದು ಬಂದಾಗ ಲಿವರ್‌ನಲ್ಲಿ ಒಂಬತ್ತು ಸೆಂಟಿಮೀಟರ್ ಗಡ್ಡೆ. ಅದು ಕರುಳಿನಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒಳಗೂ ನುಗ್ಗಿತ್ತು. ಐದು ತಿಂಗಳು ಇದ್ದರು. ದಿನಕರ್ಮ ಮುಗಿದ ಮೇಲೆ ಅವರ ಮಗಳು ಒಂದು ಬಟ್ಟೆ ಅಂಗಡಿಯ ಚೀಲ ತಂದು ನನ್ನ ಮುಂದೆ ಸುರಿದಳು. ಅದರಲ್ಲಿ ಹತ್ತು ವರ್ಷದ ರಿಪೋರ್ಟ್‌ಗಳಿದ್ದವು. ಎಲ್ಲ ಸ್ಕ್ಯಾನ್‌ಗಳಲ್ಲೂ ‘ಫ್ಯಾಟಿ ಲಿವರ್’. ಲಿವರ್ ನಾರುಗಟ್ಟುತ್ತಾ ಹೋದಂತೆ ರಕ್ತದಲ್ಲಿ ಪ್ಲೇಟ್‌ಲೆಟ್ ಕಣಗಳು ಕಡಿಮೆಯಾಗುತ್ತವೆ. ಅವರ ಪ್ಲೇಟ್‌ಲೆಟ್ ಒಂದು ವರ್ಷ 2 ಲಕ್ಷ 10 ಸಾವಿರ, ಆಮೇಲೆ 1 ಲಕ್ಷ 75 ಸಾವಿರ, ಆಮೇಲೆ 1 ಲಕ್ಷ 40 ಸಾವಿರ. ಬಾವಿಯ ನೀರು ಇಳಿದ ಹಾಗೆ ಇಳಿಯುತ್ತಾ ಬಂದಿತ್ತು. ಅದರಲ್ಲಿ ಎರಡು ರಿಪೋರ್ಟ್‌ಗಳ ಮೇಲೆ ‘ನೋಡಿದ್ದೇನೆ’ ಎಂದು ನನ್ನದೇ ಸಹಿ ಇತ್ತು. ನಾನು ನೋಡಿದ್ದು ಶುಗರ್ ಮಾತ್ರ. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ‘ನಾವೂ ಕೇಳಲಿಲ್ಲ’ ಎಂದು ನೀವು ಬರೆದ ಆ ಎರಡು ಪದಗಳಲ್ಲಿ ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಅದು ನಿಮ್ಮ ತಪ್ಪಲ್ಲ ತಂಗಿ. ಕೇಳಬೇಕಾದವರು ವೈದ್ಯರು.

ಲಿವರ್‌ನಲ್ಲಿ ಕೊಬ್ಬು ಸೇರುವುದಕ್ಕೆ ಹೆಂಡವೇ ಬೇಕಿಲ್ಲ. ಶುಗರ್, ಹೊಟ್ಟೆಯ ಸುತ್ತಳತೆ, ರಕ್ತದಲ್ಲಿ ಟ್ರೈಗ್ಲಿಸರೈಡ್ ಕೊಬ್ಬು, ಬಿಪಿ, ಇವು ಒಂದಕ್ಕೊಂದು ನೆಂಟರು. ಕೊಬ್ಬು ಸುಮ್ನೆ ಕೂತಿದ್ದರೆ ಅಂಥ ತೊಂದರೆ ಇಲ್ಲ. ಕೆಲವರಲ್ಲಿ ಅದು ಲಿವರ್ ಜೀವಕೋಶಗಳಿಗೆ ಉರಿಯೂತ ತರುತ್ತದೆ. ಜೀವಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ, ಸತ್ತ ಜಾಗದಲ್ಲಿ ಗಾಯದ ಕಲೆಯಂಥ ನಾರು ಕಟ್ಟುತ್ತದೆ. ಇದಕ್ಕೆ ಫೈಬ್ರೋಸಿಸ್ ಎನ್ನುತ್ತೇವೆ. ನಾರು ಲಿವರ್ ತುಂಬ ಹಬ್ಬಿ ಲಿವರ್ ಗಂಟುಗಂಟಾದರೆ ಅದೇ ಸಿರೋಸಿಸ್. ವರ್ಷಗಟ್ಟಲೆ ಸಾಯುವುದು ಹುಟ್ಟುವುದು ನಡೆದಾಗ, ಎಲ್ಲೋ ಒಂದು ಜೀವಕೋಶ ತಪ್ಪು ದಾರಿ ಹಿಡಿಯುತ್ತದೆ. ನಿಮ್ಮ ಅವ್ವನಿಗೆ ಆದದ್ದು ಇದು. ಊರಿನವರು ಏನಾದರೂ ಆಡಿದರೆ ಈ ಪುಟ ತೋರಿಸಿ. ಈ ಕಾಯಿಲೆಗೆ ಮೊದಲಿದ್ದ ಇಂಗ್ಲಿಷ್ ಹೆಸರಿನಲ್ಲೇ ಆಲ್ಕೋಹಾಲ್ ಎಂಬ ಪದ ಇತ್ತು, ‘ಆಲ್ಕೋಹಾಲ್‌ನಿಂದ ಬರದ’ ಎಂಬ ಅರ್ಥದಲ್ಲಿ. ಆ ಪದವೇ ರೋಗಿಗಳ ಮೇಲೆ ಕಳಂಕದ ನೆರಳು ಹಾಕುತ್ತಿತ್ತು. 2023ರಲ್ಲಿ ಅಂತಾರಾಷ್ಟ್ರೀಯ ವೈದ್ಯ ಸಂಘಗಳು ಅದನ್ನು ಕೈಬಿಟ್ಟು ಹೊಸ ಹೆಸರು ಇಟ್ಟವು.

ಇನ್ನು ಎಷ್ಟು ಬೇಗ ಬೆಳೆಯುತ್ತದೆ ಎಂಬ ಪ್ರಶ್ನೆ. ಲಿವರ್ ಕ್ಯಾನ್ಸರ್‌ನ ಗಾತ್ರ ಎರಡು ಪಟ್ಟಾಗಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಆದರೆ ಇಲ್ಲಿ ಒಂದು ಮಾತು ಗಮನಿಸಿ. ಎರಡು ಪಟ್ಟಾಗುವುದು ಗಂಟಿನ ಒಟ್ಟು ಗಾತ್ರ, ಅಡ್ಡಳತೆ ಅಲ್ಲ. ಎರಡು ಸೆಂಟಿಮೀಟರ್ ಗಂಟು ಒಂದು ಸಲ ಎರಡು ಪಟ್ಟಾದರೆ ಅಡ್ಡಳತೆ ಎರಡೂವರೆ ಆಗುತ್ತದೆ, ನಾಲ್ಕು ಆಗುವುದಿಲ್ಲ. ನಾಲ್ಕು ಆಗಬೇಕಾದರೆ ಅದು ಮೂರು ಸಲ ಎರಡು ಪಟ್ಟಾಗಬೇಕು. ಲೆಕ್ಕ ಹಾಕಿ ನೋಡಿ: ಎರಡು ಸೆಂಟಿಮೀಟರ್ ಗಂಟು ಆರು ತಿಂಗಳಿಗೆ ಎರಡೂವರೆಯಿಂದ 2.8, ವರ್ಷಕ್ಕೆ ಮೂರರಿಂದ ನಾಲ್ಕು. ಹಾಗಾಗಿ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿದರೆ ಗಂಟು ಸಣ್ಣದಿರುವಾಗಲೇ ಸಿಗುತ್ತದೆ, ಎರಡು ವರ್ಷಕ್ಕೊಮ್ಮೆ ಮಾಡಿದರೆ ಸಿಗುವುದಿಲ್ಲ. ಎಲ್ಲ ಗಂಟೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ ಎಂಬುದೂ ನಿಜ. ಹೆಪಟೈಟಿಸ್-ಬಿ ವೈರಸ್‌ನಿಂದ ಬಂದವು ಸಾಮಾನ್ಯವಾಗಿ ಹೆಚ್ಚು ಚುರುಕು. ಕೆಲವು ಗಂಟುಗಳು ವರ್ಷವಾದರೂ ಹೆಚ್ಚು ಬೆಳೆಯುವುದಿಲ್ಲ. ನಿಮ್ಮ ಅವ್ವನ ಗಂಟು ಯಾವ ಬಗೆಯದು ಎಂದು ತಿಳಿಯಲು ಕಾದು ಕೂರುವ ಹಾಗಿಲ್ಲ.

ಇದು ಇಷ್ಟು ದಿನ ತಿಳಿಯದೆ ಇದ್ದದ್ದು ಯಾಕೆ? ಲಿವರ್‌ನ ಒಳಗೆ ನೋವು ತಿಳಿಸುವ ನರಗಳಿಲ್ಲ. ಅದರ ಮೇಲಿನ ತೆಳು ಹೊದಿಕೆ ಹಿಗ್ಗಿದಾಗ ಮಾತ್ರ ನೋವು. ಅಷ್ಟು ಹೊತ್ತಿಗೆ ಗಡ್ಡೆ ದೊಡ್ಡದಾಗಿರುತ್ತದೆ. ನಮ್ಮ ಅತ್ತೆಯ ಹಾಗೆ.

ಸೂಜಿ ಚುಚ್ಚದೆ ಹೇಗೆ ಹೇಳಿದರು ಎಂದು ಕೇಳಿದ್ದೀರಿ. ನೀವು ಕಾಲುವೆ ಸೀಮೆಯವರು, ಬೇಗ ಅರ್ಥವಾಗುತ್ತದೆ. ಲಿವರ್‌ಗೆ ರಕ್ತ ಎರಡು ಕಡೆಯಿಂದ ಬರುತ್ತದೆ. ಮುಕ್ಕಾಲು ಪಾಲು ಕರುಳಿನಿಂದ ಬರುವ ಪೋರ್ಟಲ್ ನಾಳದ್ದು, ಅದು ತುಂಗಭದ್ರೆಯ ಎಡದಂಡೆ ಕಾಲುವೆ ಎಂದುಕೊಳ್ಳಿ. ಕಾಲು ಪಾಲು ಹೃದಯದ ಕಡೆಯಿಂದ ಬರುವ ಅಪಧಮನಿಯದು, ಅದು ಬೋರ್‌ವೆಲ್. ಆರೋಗ್ಯವಂತ ಲಿವರ್ ಹೆಚ್ಚಾಗಿ ಕಾಲುವೆ ನೀರಿನ ಮೇಲೆ ಬದುಕುತ್ತದೆ. ಕ್ಯಾನ್ಸರ್ ಗಂಟು ಮಾತ್ರ ಬೋರ್‌ವೆಲ್ ನೀರನ್ನೇ ಎಳೆದುಕೊಳ್ಳುತ್ತದೆ. ಸಿ.ಟಿ.ಯಲ್ಲಿ ರಕ್ತನಾಳಕ್ಕೆ ಔಷಧಿ ಬಿಟ್ಟಾಗ ಅದು ಮೊದಲು ಅಪಧಮನಿಯಲ್ಲಿ ಬರುತ್ತದೆ. ಆಗ ಗಂಟು ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಸ್ವಲ್ಪ ಹೊತ್ತಿಗೆ ಕಾಲುವೆಯಲ್ಲಿ ಬಂದಾಗ ಉಳಿದ ಲಿವರ್ ಬೆಳ್ಳಗಾಗುತ್ತದೆ, ಗಂಟು ಕಪ್ಪಗೆ ಉಳಿಯುತ್ತದೆ. ಸಿರೋಸಿಸ್ ಇರುವ ಲಿವರ್‌ನಲ್ಲಿ ಈ ಎರಡೂ ಸ್ಪಷ್ಟವಾಗಿ ಕಂಡರೆ ಬಯಾಪ್ಸಿ, ಅಂದರೆ ಸೂಜಿ ಚುಚ್ಚಿ ತುಣುಕು ತೆಗೆದು ನೋಡುವ ಪರೀಕ್ಷೆ, ಇಲ್ಲದೆಯೇ ಕ್ಯಾನ್ಸರ್ ಎನ್ನಬಹುದು. ಸಿರೋಸಿಸ್ ಇಲ್ಲದವರಲ್ಲಿ ಗಂಟು ಕಂಡರೆ ಸಾಮಾನ್ಯವಾಗಿ ಬಯಾಪ್ಸಿ ಬೇಕಾಗುತ್ತದೆ.

ದೊಡ್ಡಪ್ಪನವರ ಮಾತು. ಅವರಿಗೆ ತಮ್ಮನ ಹೆಂಡತಿಯ ಮೇಲೆ ಅಕ್ಕರೆ ಇದೆ, ಭಯವೂ ಇದೆ. ಬಯಾಪ್ಸಿ ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿಯುವ ಅಪಾಯ ಪೂರ್ತಿ ಸುಳ್ಳಲ್ಲ, ನೂರರಲ್ಲಿ ಎರಡು ಮೂರು ಜನರಲ್ಲಿ ಆಗಿದ್ದು ದಾಖಲಾಗಿದೆ. ಆದರೆ ನಿಮ್ಮ ಅವ್ವನಿಗೆ ಬಯಾಪ್ಸಿ ಮಾಡೇ ಇಲ್ಲವಲ್ಲ. ಇನ್ನು ಚಿಕಿತ್ಸೆಯಿಂದ ಹಬ್ಬುವುದು ತೀರಾ ಅಪರೂಪ, ಬಿಟ್ಟರೆ ಹಬ್ಬುತ್ತದೆ. ಅವರನ್ನೂ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಎದುರು ಕೂತು ಕೇಳಿದರೆ ಅವರಿಗೂ ಧೈರ್ಯ ಬರುತ್ತದೆ.

ಚಿಕಿತ್ಸೆ ಯಾವುದು ಎಂಬುದನ್ನು ಗಂಟು ಒಂದೇ ನಿರ್ಧರಿಸುವುದಿಲ್ಲ. ಉಳಿದ ಲಿವರ್‌ಗೆ ಎಷ್ಟು ಶಕ್ತಿ ಇದೆ ಎಂಬುದೂ ಮುಖ್ಯ. ಬಿಲಿರುಬಿನ್, ಅಲ್ಬುಮಿನ್, ರಕ್ತ ಹೆಪ್ಪುಗಟ್ಟುವ ಪರೀಕ್ಷೆ, ಹೊಟ್ಟೆಯಲ್ಲಿ ನೀರಿದೆಯೇ, ಮಂಕು ಇದೆಯೇ, ಇವನ್ನೆಲ್ಲ ನೋಡಿ ಅಂಕ ಹಾಕುತ್ತಾರೆ. ಲಿವರ್‌ಗೆ ಶಕ್ತಿ ಇದ್ದರೆ ಗಂಟಿರುವ ಭಾಗವನ್ನು ಕತ್ತರಿಸಿ ತೆಗೆಯಬಹುದು. ಇಲ್ಲದಿದ್ದರೆ ಹೊರಗಿನಿಂದ ಸೂಜಿ ಹಾಕಿ ಶಾಖದಲ್ಲಿ ಗಂಟನ್ನು ಸುಡಬಹುದು. ಮೂರು ಸೆಂಟಿಮೀಟರ್ ಒಳಗಿನ ಗಂಟಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ಬಹಳ ಸಲ ಎರಡು ಮೂರು ದಿನದಲ್ಲಿ ಮನೆಗೆ ಬರಬಹುದು. ಲಿವರ್ ತೀರಾ ಸೋತಿದ್ದರೆ ಲಿವರ್ ಕಸಿ. ಒಂದೇ ಗಂಟು ಐದು ಸೆಂಟಿಮೀಟರ್ ಒಳಗೆ, ಅಥವಾ ಮೂರು ಗಂಟುಗಳವರೆಗೆ ಪ್ರತಿಯೊಂದೂ ಮೂರು ಸೆಂಟಿಮೀಟರ್ ಒಳಗೆ ಇದ್ದರೆ ಕಸಿ ಮಾಡಬಹುದು ಎಂಬ ಅಳತೆಯನ್ನು 1996ರಲ್ಲಿ ಇಟಲಿಯ ಮಿಲಾನ್‌ನ ವೈದ್ಯರು ಕೊಟ್ಟರು. ಇವತ್ತಿಗೂ ಅದೇ ಮೂಲ ಅಳತೆ. ನಮ್ಮ ರಾಜ್ಯದಲ್ಲಿ ಅಂಗಾಂಗ ದಾನದ ಸರದಿಯನ್ನು ‘ಜೀವಸಾರ್ಥಕತೆ’ ನೋಡಿಕೊಳ್ಳುತ್ತದೆ. ಗಂಟು ದೊಡ್ಡದಿದ್ದವರಿಗೆ ಬೋರ್‌ವೆಲ್ ನಾಳದೊಳಗೇ ಔಷಧಿ ಬಿಟ್ಟು ಅದನ್ನು ಮುಚ್ಚುವ ಚಿಕಿತ್ಸೆ ಇದೆ. ಹರಡಿದವರಿಗೂ ಈಗ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್‌ಗಳಿವೆ. ಅತ್ತೆಯ ಕಾಲಕ್ಕೆ ಅವು ಇರಲಿಲ್ಲ.

ಎಷ್ಟು ದಿನ ಬದುಕುತ್ತಾರೆ ಎಂದು ನೀವು ಕೇಳಿಲ್ಲ. ಆದರೆ ಪತ್ರದಲ್ಲಿ ಆ ಪ್ರಶ್ನೆ ಇದೆ. ಬೇಗ ಸಿಕ್ಕು ಸರಿಯಾದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 50ರಿಂದ 70 ಜನ ಐದು ವರ್ಷ ದಾಟುತ್ತಾರೆ. ಫ್ಯಾಟಿ ಲಿವರ್‌ನಿಂದ ಬಂದ ಕ್ಯಾನ್ಸರ್ ಬೇರೆಯದಕ್ಕಿಂತ ಕೆಟ್ಟದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2022ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ಯಲ್ಲಿ ಸುಮಾರು 94 ಸಾವಿರ ರೋಗಿಗಳ ಲೆಕ್ಕ ಒಟ್ಟುಗೂಡಿಸಿದ ಅಧ್ಯಯನ ಬಂತು. ಅದರಲ್ಲಿ ಎರಡೂ ಗುಂಪಿನವರ ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಬೇರೆ ಕಡೆ. ಬೇರೆ ಕಾರಣದಿಂದ ಲಿವರ್ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 56 ಜನ ಮೊದಲೇ ಸ್ಕ್ಯಾನ್ ನಿಗಾದಲ್ಲಿದ್ದರು. ಫ್ಯಾಟಿ ಲಿವರ್‌ನವರಲ್ಲಿ 33 ಜನ ಮಾತ್ರ. ಆ ಅಂಕಿ ಓದಿದ ದಿನ ನನಗೆ ಅತ್ತೆಯ ಚೀಲ ಕಣ್ಣಮುಂದೆ ಬಂತು.

ಇನ್ನೊಂದನ್ನು ಮುಚ್ಚಿಡಬಾರದು. ಗಂಟು ತೆಗೆದರೂ ಸಿರೋಸಿಸ್ ಆದ ಲಿವರ್ ಅದೇ ಇರುತ್ತದೆ. ಐದು ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನರಲ್ಲಿ ಇನ್ನೊಂದು ಗಂಟು ಬರುತ್ತದೆ. ಅದಕ್ಕೇ ಚಿಕಿತ್ಸೆಯ ನಂತರ ಮೂರು ನಾಲ್ಕು ತಿಂಗಳಿಗೊಮ್ಮೆ ಕರೆಯುತ್ತಾರೆ. ‘ವಾಸಿಯಾಯಿತಲ್ಲ’ ಎಂದು ಬಿಡಬೇಡಿ. ಹೊಸ ಗಂಟು ಸಣ್ಣದಿದ್ದರೆ ಅದನ್ನೂ ಸುಡಬಹುದು.

ಅವ್ವನಿಗೆ ಹೇಳಿ ತಂಗಿ. ನಮ್ಮ ಮನೆಯಲ್ಲಿ ಅತ್ತೆಗೆ ಹೇಳಲಿಲ್ಲ. ಕೊನೆಯ ತಿಂಗಳು ಅವರು ನನ್ನ ಕೈ ಹಿಡಿದು ‘ಯವ್ವಾ, ನೀ ಡಾಕ್ಟರ್ ಆಗಿ ನನಗ ಸುಳ್ಳು ಹೇಳಾಕತ್ತಿಯಲ್ಲ’ ಎಂದರು. ಅವರಿಗೆ ಎಲ್ಲ ಗೊತ್ತಿತ್ತು. ಒಬ್ಬರೇ ಹೊತ್ತುಕೊಂಡಿದ್ದರು. ನಿಮ್ಮ ಅವ್ವನಿಗೆ ಹೇಳಲು ಒಳ್ಳೆಯ ಮಾತೂ ಇದೆ: ಗಂಟಿದೆ, ಸಣ್ಣದಿದೆ, ತೆಗೆಯಬಹುದು. ಅಷ್ಟೇ ಹೇಳಿ. ಉಳಿದದ್ದನ್ನು ಅವರು ಕೇಳಿದಷ್ಟು ಹೇಳಿ.

ಪ್ರಶ್ನೆ: ಡಾಕ್ಟರೇ, ನಾನು ಕಾರಟಗಿಯ ರೈಸ್ ಮಿಲ್‌ನಲ್ಲಿ ಸೂಪರ್‌ವೈಸರ್. 46 ವರ್ಷ, ತೂಕ 88 ಕೆ.ಜಿ. ಸ್ಕ್ಯಾನ್‌ನಲ್ಲಿ ‘ಗ್ರೇಡ್ 2 ಫ್ಯಾಟಿ ಲಿವರ್’ ಎಂದು ಬಂದಿದೆ. ಲಿವರ್‌ನ ರಕ್ತ ಪರೀಕ್ಷೆಯಲ್ಲಿ ಎಸ್‌ಜಿಒಟಿ 52, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 2 ಲಕ್ಷ 10 ಸಾವಿರ. ಕ್ಯಾನ್ಸರ್ ಆಗುತ್ತದೆ ಎಂದು ಮೊಬೈಲ್‌ನಲ್ಲಿ ನೋಡಿ ನಿದ್ದೆ ಬರುತ್ತಿಲ್ಲ. ಭಾನುವಾರ ಮಾತ್ರ ಸ್ವಲ್ಪ ತೆಗೆದುಕೊಳ್ಳುತ್ತೇನೆ. ಕ್ಯಾನ್ಸರ್‌ಗೆ ಎಎಫ್‌ಪಿ ಎಂಬ ರಕ್ತ ಪರೀಕ್ಷೆ ಇದೆಯಂತೆ, ಮಾಡಿಸಲೇ?

ಉತ್ತರ: ಮೊದಲು ನಿದ್ದೆ ಮಾಡಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ, ಫ್ಯಾಟಿ ಲಿವರ್ ಇರುವ ಹತ್ತು ಸಾವಿರ ಜನರಲ್ಲಿ ವರ್ಷಕ್ಕೆ ಸುಮಾರು ಇಬ್ಬರಿಗೆ ಲಿವರ್ ಕ್ಯಾನ್ಸರ್ ಬಂದಿತ್ತು. ಆದರೆ ಸಿರೋಸಿಸ್ ಆದವರನ್ನು ಮಾತ್ರ ಲೆಕ್ಕ ಹಾಕಿದರೆ, ಹತ್ತು ಸಾವಿರಕ್ಕೆ ನೂರಕ್ಕಿಂತ ಸ್ವಲ್ಪ ಜಾಸ್ತಿ. ಹಾಗಾಗಿ ಕೊಬ್ಬಿನ ಗ್ರೇಡ್ 1, 2, 3 ಎಂಬುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೊಬ್ಬು ಎಷ್ಟಿದೆ ಎನ್ನುವುದಕ್ಕಿಂತ ನಾರು ಎಷ್ಟು ಕಟ್ಟಿದೆ ಎನ್ನುವುದು ದೊಡ್ಡ ಪ್ರಶ್ನೆ. ಸಾಮಾನ್ಯ ಸ್ಕ್ಯಾನ್ ಅದನ್ನು ಶುರುವಿನಲ್ಲಿ ಹೇಳುವುದಿಲ್ಲ.

ಅದನ್ನು ಅಂದಾಜು ಮಾಡಲು ಫಿಬ್-4 ಎಂಬ ಲೆಕ್ಕ ಇದೆ. ಹೊಸ ಪರೀಕ್ಷೆ ಏನೂ ಬೇಡ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ. ಅದನ್ನು ಪ್ಲೇಟ್‌ಲೆಟ್ ಸಂಖ್ಯೆಯಿಂದ ಭಾಗಿಸಿ (2 ಲಕ್ಷ 10 ಸಾವಿರಕ್ಕೆ 210 ಎಂದು ಹಿಡಿಯಿರಿ). ಬಂದದ್ದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಭಾಗಿಸಿ. ನಿಮ್ಮದು 46ನ್ನು 52ರಿಂದ ಗುಣಿಸಿದರೆ 2392. 64ರ ವರ್ಗಮೂಲ 8, ಅದನ್ನು 210ರಿಂದ ಗುಣಿಸಿದರೆ 1680. ಉತ್ತರ 1.42. 1.3ಕ್ಕಿಂತ ಕಡಿಮೆ ಇದ್ದರೆ ಸದ್ಯಕ್ಕೆ ಭಯವಿಲ್ಲ. 2.67 ದಾಟಿದರೆ ಗಟ್ಟಿ ನಾರು ಇರುವ ಸಾಧ್ಯತೆ ಹೆಚ್ಚು. 65 ದಾಟಿದವರಿಗೆ ಕೆಳಗಿನ ಗಡಿಯನ್ನು 2 ಎಂದು ಇಟ್ಟುಕೊಳ್ಳಬೇಕು. ನೀವು ನಡುವಿನ ಜಾಗದಲ್ಲಿದ್ದೀರಿ. ಫೈಬ್ರೋಸ್ಕ್ಯಾನ್ ಮಾಡಿಸಿ. ಅದು ಪಕ್ಕೆಯ ಮೇಲೆ ಇಟ್ಟು ಲಿವರ್ ಎಷ್ಟು ಗಡುಸಾಗಿದೆ ಎಂದು ಅಳೆಯುವ ಯಂತ್ರ, ಹತ್ತು ನಿಮಿಷದ ಕೆಲಸ. 8 ಕಿಲೋಪಾಸ್ಕಲ್ ಒಳಗೆ ಬಂದರೆ ನೆಮ್ಮದಿ. 12 ದಾಟಿದರೆ ಲಿವರ್ ತಜ್ಞರನ್ನು ಕಾಣಿರಿ.

ಸಾವಿನ ನಂತರ ನಾನು ಅತ್ತೆಯ ಐದು ವರ್ಷ ಹಳೆಯ ರಿಪೋರ್ಟ್ ಇಟ್ಟುಕೊಂಡು ಇದೇ ಲೆಕ್ಕ ಹಾಕಿದೆ. ವಯಸ್ಸು 56, ಎಸ್‌ಜಿಒಟಿ 49, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1 ಲಕ್ಷ 40 ಸಾವಿರ. ಒಂದೊಂದೇ ನೋಡಿದರೆ ಯಾವುದೂ ಹೆದರಿಸುವ ಅಂಕಿ ಅಲ್ಲ, ಅಲ್ವಾ? ಒಟ್ಟಿಗೆ ಹಾಕಿದರೆ 3.27. ಮೂರು ನಿಮಿಷದ ಲೆಕ್ಕ. ಅವತ್ತಿನಿಂದ ನನ್ನ ಕ್ಲಿನಿಕ್‌ನಲ್ಲಿ ಶುಗರ್ ಇರುವ ಪ್ರತಿಯೊಬ್ಬರ ಚೀಟಿಯ ಮೇಲೆ ಈ ಒಂದು ಅಂಕಿ ಬರೆಯುತ್ತೇನೆ. ನಿಮ್ಮ ಚೀಟಿಯ ಮೇಲೆ ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. 2021ರಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರ್ ಅನ್ನು ಶುಗರ್, ಬಿಪಿ, ಕ್ಯಾನ್ಸರ್ ತಡೆಯುವ ರಾಷ್ಟ್ರೀಯ ಕಾರ್ಯಕ್ರಮದ ಒಳಗೇ ಸೇರಿಸಿದೆ. ಕೇಳುವುದು ನಿಮ್ಮ ಹಕ್ಕು.

ಎಎಫ್‌ಪಿ ಈಗ ಬೇಡ. ಕ್ಯಾನ್ಸರ್ ಇದ್ದರೂ ಅದು ಎಷ್ಟೋ ಜನರಲ್ಲಿ ಏರುವುದಿಲ್ಲ. ಅದೊಂದನ್ನೇ ನಂಬಿ ನೆಮ್ಮದಿಯಾಗಿರುವುದು ತಪ್ಪು. ಸಿರೋಸಿಸ್ ಆದವರಿಗೆ ಆರು ತಿಂಗಳ ಸ್ಕ್ಯಾನ್ ಜೊತೆ ಅದನ್ನೂ ಮಾಡುತ್ತಾರೆ. ಅವರಿಗೆ ಒಂದು ಮಾತು: ಮೈ ದಪ್ಪ ಇದ್ದು ಲಿವರ್‌ನಲ್ಲಿ ಕೊಬ್ಬು ತುಂಬಿದ್ದರೆ ಸ್ಕ್ಯಾನ್ ಚಿತ್ರ ಮಬ್ಬಾಗಿ ಬರುತ್ತದೆ. ‘ಲಿವರ್ ಪೂರ್ತಿ ಕಂಡಿತಾ ಸರ್?’ ಎಂದು ಸ್ಕ್ಯಾನ್ ಮಾಡುವವರನ್ನು ಕೇಳಿ. ಕಾಣದಿದ್ದರೆ ಸಿ.ಟಿ. ಅಥವಾ ಎಂ.ಆರ್.ಐ. ಬೇಕಾಗಬಹುದು. ಮೊದಲು ಹೇಳಿದ ಲ್ಯಾನ್ಸೆಟ್ ಅಧ್ಯಯನದಲ್ಲೇ ಇನ್ನೊಂದು ಅಂಕಿ ಇದೆ. ಫ್ಯಾಟಿ ಲಿವರ್‌ನಿಂದ ಕ್ಯಾನ್ಸರ್ ಬಂದವರಲ್ಲಿ ನೂರಕ್ಕೆ 38 ಜನರಿಗೆ ಸಿರೋಸಿಸ್ ಆಗಿಯೇ ಇರಲಿಲ್ಲ. ಹಾಗಂತ ಎಲ್ಲರನ್ನೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಲಾಗದು. ಅದಕ್ಕೇ ನಾರು ಜಾಸ್ತಿ ಇರುವವರನ್ನು, ಶುಗರ್ ಇರುವವರನ್ನು ನಾನು ಬಿಗಿಯಾಗಿ ನೋಡುತ್ತೇನೆ.

ಭಾನುವಾರದ್ದು ಬಿಡಿ. ಕೊಬ್ಬು ಉರಿಯುತ್ತಿರುವ ಲಿವರ್ ಮೇಲೆ ಹೆಂಡ ಸುರಿಯುವುದು ಬೇಡ. ಸ್ವಲ್ಪ ಎಂಬುದಕ್ಕೆ ನಾನು ಅಳತೆ ಕೊಡುವುದಿಲ್ಲ.

ತೂಕದ ಲೆಕ್ಕ ಹೀಗಿದೆ. ನೂರಕ್ಕೆ ಐದು ಪಾಲು ಇಳಿದರೆ ಲಿವರ್‌ನ ಕೊಬ್ಬು ಕಡಿಮೆಯಾಗುತ್ತದೆ. ಏಳು ಪಾಲು ಇಳಿದರೆ ಉರಿಯೂತ ತಗ್ಗುತ್ತದೆ. ಹತ್ತು ಪಾಲು ಇಳಿದವರಲ್ಲಿ ಎಷ್ಟೋ ಜನರಿಗೆ ನಾರು ಕೂಡ ಕರಗಿದೆ. ನಿಮಗೆ ಅದು ಎಂಟು ಒಂಬತ್ತು ಕೆ.ಜಿ. ಒಂದು ವರ್ಷ ತೆಗೆದುಕೊಳ್ಳಿ, ಅವಸರ ಬೇಡ. ಕಾಲುವೆ ಬರುವ ಮುಂಚೆ ನಮ್ಮ ಸೀಮೆಯಲ್ಲಿ ಜೋಳ, ಸಜ್ಜೆ, ನವಣೆ ತಿನ್ನುತ್ತಿದ್ದರು. ಈಗ ಭತ್ತದ ನಾಡಾಗಿ ಮೂರು ಹೊತ್ತೂ ಅನ್ನ. ಮಿಲ್‌ನಲ್ಲಿರುವ ನಿಮ್ಮ ಮುಂದೆ ಅಕ್ಕಿಯನ್ನು ಬೈಯುವುದಿಲ್ಲ. ಒಂದು ಹೊತ್ತು ಸಾಕು. ಜೋಳದ ರೊಟ್ಟಿಯೂ ಆರು ತಿಂದರೆ ಅದೇ ಕಥೆ. ಎರಡು ರೊಟ್ಟಿ, ತಟ್ಟೆಯ ಅರ್ಧ ಪುಂಡಿಪಲ್ಲೆ, ಹೆಸರುಕಾಳು, ಸೌತೆಕಾಯಿ. ಬೆಳಗ್ಗೆ ಒಗ್ಗರಣೆ ಮಂಡಕ್ಕಿ ಮಿರ್ಚಿಯನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ. ದಿನಕ್ಕೆ ಎಷ್ಟು ಚಹಾ, ಪ್ರತಿ ಚಹಾಗೆ ಎಷ್ಟು ಸಕ್ಕರೆ ಎಂದು ಎಣಿಸಿ ನೋಡಿ. ಎಂಟು ಚಹಾಗೆ ಹದಿನಾರು ಚಮಚ ಸಕ್ಕರೆ ಕುಡಿಯುವವರನ್ನು ನಾನು ದಿನಾ ನೋಡುತ್ತೇನೆ. ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳು ಹೇಳಿವೆ. ಎರಡು ಚಹಾ ಬಿಟ್ಟು ಸಕ್ಕರೆ ಇಲ್ಲದ ಎರಡು ಕಾಫಿ ಮಾಡಿಕೊಳ್ಳಬಹುದು. ದಿನಕ್ಕೆ ಅರ್ಧ ಗಂಟೆ ಬೆವರು ಬರುವ ಹಾಗೆ ನಡೆಯಿರಿ. ಮಿಲ್ ಒಳಗಿನ ಓಡಾಟ ಲೆಕ್ಕಕ್ಕಿಲ್ಲ.

ಪ್ರಶ್ನೆ: ಮೇಡಂ, ನಾನು ಬಳ್ಳಾರಿಯ ಗೃಹಿಣಿ. ತೂಕ 52 ಕೆ.ಜಿ. ಮಾತ್ರ. ಆದರೂ ಫ್ಯಾಟಿ ಲಿವರ್ ಎಂದಿದ್ದಾರೆ. ಲಿವರ್ ಶುದ್ಧಿ ಮಾಡುವ ಕಷಾಯ ಕುಡಿಯಿರಿ ಎಂದು ಅತ್ತಿಗೆ ಕಳಿಸಿದ್ದಾರೆ. ಕುಡಿಯಬಹುದೇ? ನನ್ನ ಕೊಲೆಸ್ಟ್ರಾಲ್ ಮಾತ್ರೆ ಲಿವರ್‌ಗೆ ಕೆಟ್ಟದ್ದು ಎಂದೂ ಹೇಳಿದರು.

ಉತ್ತರ: ತೆಳ್ಳಗಿದ್ದವರಿಗೂ ಬರುತ್ತದೆ. ನಮ್ಮ ಜನರಲ್ಲಿ ಕೈಕಾಲು ಸಣ್ಣ, ಹೊಟ್ಟೆಯಲ್ಲಿ ಕೊಬ್ಬು. ತಕ್ಕಡಿಗಿಂತ ಟೇಪ್ ನಂಬಿ. ಹೆಣ್ಣುಮಕ್ಕಳಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಬಾರದು. ಶುಗರ್, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಹೆಪಟೈಟಿಸ್-ಬಿ ಮತ್ತು ಸಿ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ. ಕಷಾಯ ಬೇಡ. ಅತ್ತಿಗೆಯವರ ಪ್ರೀತಿ ನಿಜ. ಆದರೆ ಆ ಬಾಟಲಿಯಲ್ಲಿ ಏನೇನಿದೆ ಎಂದು ಅವರಿಗೂ ಗೊತ್ತಿರಲಾರದು. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕಷಾಯ ಕುಡಿದು ಲಿವರ್ ಉರಿಯೂತವಾದವರ ಬಗ್ಗೆ ನಮ್ಮ ದೇಶದ ವೈದ್ಯರೇ ವರದಿ ಮಾಡಿದರು. ಲಿವರ್ ತನ್ನನ್ನು ತಾನೇ ಶುದ್ಧ ಮಾಡಿಕೊಳ್ಳುವ ಅಂಗ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆ ಫ್ಯಾಟಿ ಲಿವರ್ ಇದ್ದವರಿಗೂ ಸುರಕ್ಷಿತ. ಯಾರೋ ಹೇಳಿದರು ಎಂದು ನಿಲ್ಲಿಸಬೇಡಿ. ಫ್ಯಾಟಿ ಲಿವರ್ ಇರುವವರನ್ನು ಕ್ಯಾನ್ಸರ್‌ಗಿಂತ ಹೆಚ್ಚು ಬಲಿ ತೆಗೆದುಕೊಳ್ಳುವುದು ಹೃದಯಾಘಾತ.

ಪ್ರಶ್ನೆ: ನಾನು ಯಲಬುರ್ಗಾ ಕಡೆಯ ರೈತ. ಬೂಷ್ಟು ಹಿಡಿದ ಶೇಂಗಾ ತಿಂದರೆ ಲಿವರ್ ಕ್ಯಾನ್ಸರ್ ಬರುತ್ತದೆ ಎಂಬುದು ನಿಜವೇ? ನಾವು ಒಳ್ಳೆಯದನ್ನು ಮಾರಿ ಉಳಿದ ಜೊಳ್ಳನ್ನು ಮನೆಗೆ ಇಟ್ಟುಕೊಳ್ಳುತ್ತೇವೆ.

ಉತ್ತರ: ನಿಜ ಅಣ್ಣಾ. ನಿಮ್ಮ ಕೊನೆಯ ಸಾಲು ಓದಿ ಸಂಕಟವಾಯಿತು. ಶೇಂಗಾ, ಮೆಕ್ಕೆಜೋಳದ ಮೇಲೆ ಬೆಳೆಯುವ ಒಂದು ಹಸಿರು-ಹಳದಿ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದು ಲಿವರ್ ಕ್ಯಾನ್ಸರ್ ತರುತ್ತದೆ ಎಂಬುದು ಖಚಿತವಾಗಿದೆ. ಹೆಪಟೈಟಿಸ್-ಬಿ ಇದ್ದವರಿಗೆ ಅಪಾಯ ಎಷ್ಟೋ ಪಟ್ಟು. ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ. ಚಟ್ನಿಪುಡಿಯಲ್ಲಿ ಕುಟ್ಟಿದರೆ ಕಣ್ಣಿಗೂ ಕಾಣುವುದಿಲ್ಲ. ಕಿತ್ತ ಮೇಲೆ ಕಾಯಿಯನ್ನು ಅಲ್ಲಾಡಿಸಿದರೆ ಗಲಗಲ ಸದ್ದು ಬರುವವರೆಗೆ ಒಣಗಿಸಿ. ತೇವ ಇರುವ ಮೂಲೆಯಲ್ಲಿ ಚೀಲ ಇಡಬೇಡಿ, ಕೆಳಗೆ ಹಲಗೆ ಹಾಕಿ. ಒಣ ಕಾಯಿ ಸುಲಿಯುವಾಗ ಸುಲಭವಾಗಲಿ ಎಂದು ನೀರು ಚಿಮುಕಿಸಬೇಡಿ. ಮುದುಡಿದ ಕಾಳು, ಬಣ್ಣಗೆಟ್ಟ ಕಾಳು, ಹುಳ ಕೊರೆದ ಕಾಳು ಆರಿಸಿ ಹೂತುಬಿಡಿ. ದನಕ್ಕೂ ಹಾಕಬೇಡಿ, ಹಾಲಿನಲ್ಲಿ ಬರುತ್ತದೆ. ಮಕ್ಕಳು ಶೇಂಗಾ ತಿನ್ನುವಾಗ ಕಹಿ ಕಾಳು ಸಿಕ್ಕರೆ ನುಂಗದೆ ಉಗಿಯಲು ಹೇಳಿಕೊಡಿ. ಜೊಳ್ಳು ಮನೆಗೆ ಬೇಡ. ಒಳ್ಳೆಯ ಕಾಳಿನಲ್ಲಿ ಒಂದು ಚೀಲ ಮೊದಲು ಮಕ್ಕಳಿಗೆ ಎತ್ತಿಟ್ಟು, ಆಮೇಲೆ ಮಾರಾಟಕ್ಕೆ ಒಯ್ಯಿರಿ.